ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್.ಡಿ.: ಅರ್ಜಿಗೆ ಒಂದೂವರೆ ವರ್ಷ ಮೊದಲು

ಕೊಡಿಗೇನಹಳ್ಳಿಯಿಂದ ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿಗೆ ಹೋಗುವವರು ಯಲಹಂಕ ದಾಟಿದರೆಂದರೆ ದೇಶದ ಮುಂಚೂಣಿಯ ಜೀವವಿಜ್ಞಾನ ಪ್ರಯೋಗಾಲಯಗಳ ಮಗ್ಗುಲಲ್ಲೇ ಹಾದು ಹೋಗುತ್ತಾರೆ. ಎಡಗಡೆ ಜಕ್ಕೂರಿನಲ್ಲಿ ಜೆಎನ್‌ಸಿಎಎಸ್‌ಆರ್, ಅಂದರೆ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಬಲಗಡೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗೆ ಎನ್‌ಸಿಬಿಎಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಅದೇ ಆವರಣದಲ್ಲಿ ಕಾಂಡಕೋಶಗಳ ಸಂಶೋಧನೆಗೆಂದೇ ಹುಟ್ಟಿದ ಇನ್‌ಸ್ಟೆಮ್. ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಬಲಕ್ಕೆ ತಿರುಗಿದರೆ 1909ರ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಎಲ್ಲವೂ ಊರಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲೇ. ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸರ್ಕಾರಿ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುವ ಮಕ್ಕಳನ್ನು ಮುಂದೇನು ಎಂದು ಕೇಳಿದರೆ ಬಿ.ಎಡ್. ಅನ್ನುತ್ತಾರೆ, ಪಿಡಿಒ ಪರೀಕ್ಷೆ ಅನ್ನುತ್ತಾರೆ. ಆ ಗೇಟುಗಳ ಒಳಗೆ ಸಂಬಳದಂಥ ಹಣ ಕೊಟ್ಟು ಐದು ವರ್ಷ ಓದಿಸುತ್ತಾರೆ ಎಂಬ ಮಾತು ಬಹಳ ಜನರ ಕಿವಿಗೇ ಬಿದ್ದಿರುವುದಿಲ್ಲ.

ಬಿದ್ದವರ ಕಷ್ಟ ಬೇರೆ ಥರದ್ದು. ಅಂಕ ಸಾಲದೆ ಅವಕಾಶ ಕಳೆದುಕೊಂಡವರಿಗಿಂತ ತಡವಾಗಿ ಎಚ್ಚೆತ್ತು ಕಳೆದುಕೊಂಡವರೇ ನಮ್ಮ ಕಡೆ ಹೆಚ್ಚು. ಎಂ.ಎಸ್ಸಿ. ರಿಸಲ್ಟ್ ಬಂದ ಮೇಲೆ ಜುಲೈನಲ್ಲಿ ‘ಸಾರ್, ಪಿಎಚ್.ಡಿ.ಗೆ ಅಪ್ಲಿಕೇಷನ್ ಯಾವಾಗ ಬಿಡ್ತಾರೆ’ ಎಂದು ಕೇಳುತ್ತಾರೆ. ಆ ಹೊತ್ತಿಗೆ ಒಳ್ಳೆಯ ಸಂಸ್ಥೆಗಳಲ್ಲಿ ಅರ್ಜಿ, ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು, ಆಯ್ಕೆಯಾದವರು ಹಾಸ್ಟೆಲ್ ರೂಮು ಹುಡುಕುತ್ತಿರುತ್ತಾರೆ. ಆಗಸ್ಟ್‌ನಲ್ಲಿ ಸೇರಬೇಕೆಂದಿದ್ದರೆ ಕೆಲಸ ಅದರ ಹಿಂದಿನ ವರ್ಷದ ಆರಂಭದಲ್ಲೇ ಶುರುವಾಗಿರಬೇಕು. ಅಂದರೆ ಎಂ.ಎಸ್ಸಿ.ಯ ಮೊದಲ ವರ್ಷದಲ್ಲಿ.

ಮೊದಲು ಮನೆಯವರ ಪ್ರಶ್ನೆ

ಇನ್ನೂ ಐದಾರು ವರ್ಷ ಓದು ಅಂದರೆ ದುಡ್ಡು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಉತ್ತರ ಇದು: ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಜೂನಿಯರ್ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಸೀನಿಯರ್ ಫೆಲೋ, ಅಂದರೆ ಎಸ್‌ಆರ್‌ಎಫ್ ಆಗಿ 42,000 ರೂಪಾಯಿ. 2023ರ ಜನವರಿ 1ರಿಂದ ಜಾರಿಯಲ್ಲಿರುವ ದರ ಇದು. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಸಂಸ್ಥೆಗೆ ಕಟ್ಟುವ ಸೆಮಿಸ್ಟರ್ ಶುಲ್ಕ ಇದರ ಮುಂದೆ ಸಣ್ಣದು. ಹಾಗಾಗಿ ಮೂಲವಿಜ್ಞಾನದ ಪಿಎಚ್.ಡಿ. ಸೀಟಿಗೆ ಲಕ್ಷಗಟ್ಟಲೆ ಕೇಳುವವರು, ‘ಗೈಡ್ ಕೊಡಿಸ್ತೀವಿ, ಥೀಸಿಸ್ ನಾವೇ ಬರೆದುಕೊಡ್ತೀವಿ’ ಅನ್ನುವವರು ಎದುರಾದರೆ ಬಾಗಿಲಲ್ಲೇ ಕಳಿಸಿಬಿಡಿ.

ನಮ್ಮ ಕಡೆಯಿಂದ ಡಾಕ್ಟರೇಟ್‌ವರೆಗೆ ಹೋದವರು ಇಲ್ಲವೆಂದಲ್ಲ. ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದವರು. 1960ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರದು ಭೌತವಿಜ್ಞಾನ. ನಮ್ಮ ವಿಷಯಕ್ಕೆ ಹತ್ತಿರದವರು ಬೇಕೆಂದರೆ ಎಂ.ಆರ್.ಎಸ್. ರಾವ್ ಇದ್ದರು: ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಿಎಚ್.ಡಿ. ಮಾಡಿ, ಡಿಎನ್‌ಎ ಸುರುಳಿ ಸುತ್ತಿಕೊಳ್ಳುವ ಕ್ರೊಮ್ಯಾಟಿನ್ ಬಗ್ಗೆ ಜೀವಮಾನವೆಲ್ಲ ಕೆಲಸ ಮಾಡಿ, ಜೆಎನ್‌ಸಿಎಎಸ್‌ಆರ್‌ನ ಅಧ್ಯಕ್ಷರೂ ಆಗಿದ್ದವರು. ರಾಜ್ಯದ ವಿಶ್ವವಿದ್ಯಾಲಯದ ಎಂ.ಎಸ್ಸಿ. ಅಷ್ಟೇ ಇದ್ದರೆ ಅಲ್ಲಿ ಯಾರು ಕೇಳುತ್ತಾರೆ ಎಂದು ಅಂಜುವವರು ಈ ಹೆಸರು ನೆನಪಿಟ್ಟುಕೊಂಡರೆ ಸಾಕು.

ಇದೇನು ಓದು ಎಂದು ಮನೆಯಲ್ಲಿ ಕೇಳಿದರೆ ದೂರದ ಉದಾಹರಣೆ ಬೇಡ. ಕಡಲೆಕಾಯಿ ಕಾಯಿಕಟ್ಟುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಕಾಯಿಯೊಳಗೆ ಸೇರಿ ಅಫ್ಲಟಾಕ್ಸಿನ್ ವಿಷ ಉಂಟುಮಾಡುತ್ತದೆ. ಬಾಯಾರಿದ ಗಿಡದಲ್ಲಿ ಯಾವ ರಕ್ಷಣೆ ಸೋಲುತ್ತದೆ, ಬೂಷ್ಟಿನ ಯಾವ ಜೀನ್ ಆಗ ಚಾಲೂ ಆಗುತ್ತದೆ? ಇದು ಮಾಲಿಕ್ಯುಲರ್ ಬಯಾಲಜಿ. ಕಡಲೆಕಾಯಿ ಎರಡು ಕಾಡುಜಾತಿಗಳ ಜೀನೋಮ್ ಕೂಡಿ ಆದ ಬೆಳೆ. ಅದರ ಪೂರ್ಣ ಜೀನೋಮ್ ಓದಿ ಮುಗಿಸಿದ್ದು 2019ರಲ್ಲಿ. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡು ಹಲ್ಲಿನ ಎನಾಮೆಲ್ ಕಟ್ಟುವ ಕೋಶಗಳಿಗೆ ಏನು ಮಾಡುತ್ತದೆ, ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿನ ಜಿಂಕೆಗಳು ಬೇರೆ ಕಡೆಯ ಹಿಂಡುಗಳೊಡನೆ ರಕ್ತಸಂಬಂಧ ಉಳಿಸಿಕೊಂಡಿವೆಯೇ ಎಂದು ಹಿಕ್ಕೆಯ ಡಿಎನ್‌ಎಯಿಂದ ಹೇಳಬಹುದೇ, ಇವೂ ಅದೇ. ಹಾಗೆಂದು ಊರಿನ ಸಮಸ್ಯೆಯ ಮೇಲೆಯೇ ಪಿಎಚ್.ಡಿ. ಮಾಡಬೇಕೆಂಬ ಹಟ ಬೇಡ. ಯೀಸ್ಟಿನಲ್ಲೋ ಹಣ್ಣುನೊಣದಲ್ಲೋ ಐದು ವರ್ಷ ಕಳೆದವರು ಆಮೇಲೆ ಕಡಲೆಕಾಯಿಗೆ ಬಂದಿದ್ದಾರೆ.

ಬಾಗಿಲುಗಳು

ದೊಡ್ಡ ಬಾಗಿಲು ಸಿಎಸ್‌ಐಆರ್–ಯುಜಿಸಿ ನೆಟ್. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಡಿಸೆಂಬರ್ ಪರೀಕ್ಷೆ ಮುಂದಿನ ಫೆಬ್ರವರಿಗೆ ಜಾರಿದ್ದೂ ಉಂಟು. ಎಂ.ಎಸ್ಸಿ.ಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟರಿಗೆ ಮತ್ತು ಕೇಂದ್ರದ ಪಟ್ಟಿಯ ಹಿಂದುಳಿದ ವರ್ಗದವರಿಗೆ ಶೇ 50. ಅಂತಿಮ ವರ್ಷದಲ್ಲಿ ಇರುವವರೂ ಬರೆಯಬಹುದು. ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದಲ್ಲಿ ವಯಸ್ಸಿನ ಮಿತಿ 30. ಪರಿಶಿಷ್ಟರು, ಹಿಂದುಳಿದ ವರ್ಗದವರು, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ಲೈಫ್ ಸೈನ್ಸಸ್ ಪತ್ರಿಕೆಯ ಲೆಕ್ಕ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಮೂರು ಗಂಟೆ, 200 ಅಂಕ. ಎ ಭಾಗದಲ್ಲಿ ಸಾಮಾನ್ಯ ಬುದ್ಧಿಮತ್ತೆಯ 20 ಪ್ರಶ್ನೆಗಳಲ್ಲಿ 15, ಬಿ ಭಾಗದಲ್ಲಿ 50ರಲ್ಲಿ 35, ಸಿ ಭಾಗದಲ್ಲಿ 75ರಲ್ಲಿ 25 ಮಾತ್ರ ಉತ್ತರಿಸಬೇಕು. ಆ 25 ಪ್ರಶ್ನೆಗಳಿಗೇ 100 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ. ಪಠ್ಯದಲ್ಲಿ 13 ಘಟಕಗಳಿವೆ. ಕೋಚಿಂಗ್ ಸೆಂಟರಿನವರು ಹದಿಮೂರನ್ನೂ ಗಟ್ಟಿ ಹೊಡೆಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ವ್ಯರ್ಥ ಶ್ರಮ. ಸಿ ಭಾಗದಲ್ಲಿ ಮೂರಕ್ಕೊಂದು ಪ್ರಶ್ನೆ ಆಯ್ದುಕೊಳ್ಳುವ ಸ್ವಾತಂತ್ರ್ಯ ಕೊಟ್ಟಿರುವುದೇ ನಿಮಗೆ ಬರುವುದನ್ನು ಆಳವಾಗಿ ಬಲ್ಲಿರಾ ಎಂದು ನೋಡಲು. ಜೀವರಸಾಯನ, ಕೋಶ, ಜೀನ್ ನಿಯಂತ್ರಣ, ತಳಿಶಾಸ್ತ್ರ, ಪ್ರಯೋಗ ವಿಧಾನಗಳು, ಇವುಗಳ ಮೇಲೆ ಹಿಡಿತವಿರಲಿ. ಜೊತೆಗೆ ಇಷ್ಟವಾದ ಇನ್ನೆರಡು ಮೂರು ಘಟಕ. ಎ ಭಾಗವನ್ನು ಮಾತ್ರ ನಮ್ಮ ಮಕ್ಕಳು ತಾತ್ಸಾರ ಮಾಡುತ್ತಾರೆ. ಹೈಸ್ಕೂಲ್ ಗಣಿತದ 30 ಅಂಕ ಅಲ್ಲಿ ಸುಮ್ಮನೆ ಬಿದ್ದಿದೆ.

ಹೈಸ್ಕೂಲುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಠ್ಯಪುಸ್ತಕದ ಇಂಗ್ಲಿಷೇ ಮೊದಲ ಗುಡ್ಡ. ಲೆನಿಂಜರ್‌ನ ಬಯೋಕೆಮಿಸ್ಟ್ರಿ, ಆಲ್ಬರ್ಟ್ಸ್‌ನ ‘ಮಾಲಿಕ್ಯುಲರ್ ಬಯಾಲಜಿ ಆಫ್ ದಿ ಸೆಲ್’, ಈ ಎರಡನ್ನು ದಿನಕ್ಕೆ ನಾಲ್ಕೇ ಪುಟವಾದರೂ ಓದಿ, ಓದಿದ್ದನ್ನು ಕನ್ನಡದಲ್ಲೇ ಗೆಳೆಯರಿಗೆ ಹೇಳಿ. ಆಲ್ಬರ್ಟ್ಸ್‌ನ ಹಳೆಯ ನಾಲ್ಕನೆಯ ಆವೃತ್ತಿಯನ್ನು ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಬುಕ್‌ಶೆಲ್ಫ್ ತಾಣದಲ್ಲಿ ಪುಕ್ಕಟೆಯಾಗಿ ಹುಡುಕಿ ಓದಬಹುದು. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ಣ ಸಂಶೋಧನಾ ಲೇಖನಗಳೇ ಉಚಿತ.

ಎರಡನೆಯದು ಸಂಸ್ಥೆಗಳ ಸ್ವಂತ ಬಾಗಿಲು. ಎನ್‌ಸಿಬಿಎಸ್ ಸೇರಲು ಅದರ ಮಾತೃಸಂಸ್ಥೆ ಟಿಐಎಫ್‌ಆರ್ ನಡೆಸುವ ಜೆಜಿಇಇಬಿಐಎಲ್‌ಎಸ್ ಎಂಬ ಉದ್ದ ಹೆಸರಿನ ಪರೀಕ್ಷೆ ಇದೆ. ಅರ್ಜಿ ಅಕ್ಟೋಬರ್ ಆಸುಪಾಸಿಗೆ, ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಇಲ್ಲಿ ಬಾಯಿಪಾಠ ನಡೆಯುವುದಿಲ್ಲ, ಕೊಟ್ಟ ಗ್ರಾಫ್ ನೋಡಿ ಯೋಚಿಸಬೇಕು. ಟಾಟಾ ಇನ್‌ಸ್ಟಿಟ್ಯೂಟ್ ಮತ್ತು ಜೆಎನ್‌ಸಿಎಎಸ್‌ಆರ್ ವರ್ಷದ ಮೊದಲ ಮೂರು ತಿಂಗಳಲ್ಲಿ ಅರ್ಜಿ ಕರೆದು, ನೆಟ್, ಗೇಟ್ ಅಥವಾ ಡಿಬಿಟಿಯ ಬಯೋಟೆಕ್ನಾಲಜಿ ಅರ್ಹತಾ ಪರೀಕ್ಷೆಯಂಥ ರಾಷ್ಟ್ರೀಯ ಪರೀಕ್ಷೆ ಪಾಸಾದವರನ್ನು ಸಂದರ್ಶನಕ್ಕೆ ಕರೆಯುತ್ತವೆ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಮತ್ತು ಕೋಶವಿಜ್ಞಾನ, ಜಿ.ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಇವೆಲ್ಲ ಬೇರೆ ಬೇರೆ ವಿಭಾಗ. ಪ್ರೋಟೀನಿನ ಆಕಾರ ಇಷ್ಟವಿದ್ದವರು ಒಂದಕ್ಕೆ, ರೋಗಾಣು ಇಷ್ಟವಿದ್ದವರು ಇನ್ನೊಂದಕ್ಕೆ ಹಾಕಬೇಕೇ ಹೊರತು ‘ಎಲ್ಲಿಗಾದರೂ ಸರಿ’ ಎಂದು ಹಾಕುವುದಲ್ಲ.

ಬಿ.ಎಸ್ಸಿ. ಆದ ಕೂಡಲೇ ಇಂಟಿಗ್ರೇಟೆಡ್ ಪಿಎಚ್.ಡಿ. ಸೇರಬಹುದು ಎಂಬುದು ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಯಾರೂ ಹೇಳದ ಸುದ್ದಿ. ಟಾಟಾ ಇನ್‌ಸ್ಟಿಟ್ಯೂಟ್, ಜೆಎನ್‌ಸಿಎಎಸ್‌ಆರ್, ಎನ್‌ಸಿಬಿಎಸ್ ಮೂರರಲ್ಲೂ ಈ ದಾರಿ ಇದೆ. ಐಐಟಿಗಳು ಫೆಬ್ರವರಿಯಲ್ಲಿ ನಡೆಸುವ ಜಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆ ಇದಕ್ಕೂ ಬರುತ್ತದೆ, ಐಐಟಿಗಳ ಎಂ.ಎಸ್ಸಿ.ಗೂ ಬರುತ್ತದೆ. ಅರ್ಜಿ ಮಾತ್ರ ಹಿಂದಿನ ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಮುಗಿದಿರುತ್ತದೆ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಇದ್ದವರು ನೇರ ಪಿಎಚ್.ಡಿ.ಗೆ ಅರ್ಹರು. ಆದರೆ ನಮ್ಮ ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಅದು ಇಲ್ಲಿನವರಿಗೆ ಹೆಚ್ಚು ದಕ್ಕುವಂಥದ್ದಲ್ಲ.

ತುಮಕೂರು, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಪಿಎಚ್.ಡಿ.ಗೆ ಆಯಾ ಅಧಿಸೂಚನೆ ನೋಡಿಕೊಂಡರೆ ಸಾಕು. ಜೆಆರ್‌ಎಫ್ ಕೈಯಲ್ಲಿದ್ದರೆ ಅಲ್ಲಿ ಗೈಡ್‌ಗಳೇ ನಿಮ್ಮನ್ನು ಕರೆಯುತ್ತಾರೆ. ಇಲ್ಲದಿದ್ದರೆ ಫೆಲೋಶಿಪ್ ಇಲ್ಲದೆ ಸೇರಬೇಕಾದೀತು, ಅದಕ್ಕೆ ಒಪ್ಪುವ ಮೊದಲು ಎರಡು ಸಲ ಯೋಚಿಸಿ. ಪಾವಗಡದವರಿಗೆ ಹೈದರಾಬಾದ್ ಕೂಡ ದೂರವೇನಲ್ಲ: ಕೋಶ ಮತ್ತು ಮಾಲಿಕ್ಯುಲರ್ ಬಯಾಲಜಿಯ ಕೇಂದ್ರ ಸಿಸಿಎಂಬಿ ಅಲ್ಲಿದೆ, ಕಡಲೆಕಾಯಿ ಸಂಶೋಧನೆಯ ದೊಡ್ಡ ಮನೆ ಇಕ್ರಿಸ್ಯಾಟ್ ಪಕ್ಕದ ಪಟಾನ್‌ಚೆರುವಿನಲ್ಲಿದೆ.

ಲ್ಯಾಬಿನಲ್ಲಿ ಕೈ ಆಡಿಸಿದ್ದೀರಾ?

ಪರೀಕ್ಷೆ ನಿಮ್ಮನ್ನು ಸಂದರ್ಶನದ ಬಾಗಿಲವರೆಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ಒಳಗೆ ಕೂತವರು ನೋಡುವುದು ಬೇರೆ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಕಡಲೆಕಾಯಿಯಿಂದ ಬೂಷ್ಟು ಬೆಳೆಸಿ, ಅಫ್ಲಟಾಕ್ಸಿನ್ ತಯಾರಿಕೆಯನ್ನು ನಿಯಂತ್ರಿಸುವ ಎಎಫ್ಎಲ್‌ಆರ್ ಜೀನನ್ನು ಪಿಸಿಆರ್ ಮಾಡಿ ತೋರಿಸಿದ ಹುಡುಗಿಯೊಬ್ಬಳು ಸಂದರ್ಶನಕ್ಕೆ ಬಂದಿದ್ದಾಳೆ ಅಂದುಕೊಳ್ಳಿ. ಮಾತುಕತೆ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

‘ಜೆಲ್‌ನಲ್ಲಿ ಬ್ಯಾಂಡ್ ಬಂತು ಅಂದಿರಿ. ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ಟ್ಯೂಬಿನಲ್ಲಿ ಏನು ಬಂತು?’

‘ಅಲ್ಲೂ ಒಂದು ತೆಳು ಬ್ಯಾಂಡ್ ಬಂತು ಸರ್.’

‘ಎಷ್ಟು ಎತ್ತರದಲ್ಲಿ?’

ಇಲ್ಲಿ ತಡವರಿಸುವವರೇ ಹೆಚ್ಚು. ನೀರಿನ ಟ್ಯೂಬಿನ ಬ್ಯಾಂಡ್ ಜೆಲ್ಲಿನ ತೀರ ಕೆಳಗೆ, ನೂರು ಬೇಸ್‌ಪೇರಿಗಿಂತ ಕಡಿಮೆ ಇದ್ದರೆ ಅದು ಪ್ರೈಮರ್‌ಗಳು ಒಂದಕ್ಕೊಂದು ಅಂಟಿಕೊಂಡದ್ದು, ಚಿಂತೆ ಕಡಿಮೆ. ಮಾದರಿಯ ಬ್ಯಾಂಡಿನ ಎತ್ತರದಲ್ಲೇ ಇದ್ದರೆ ನೀರೋ ಎಂಜೈಮೋ ಪಿಪೆಟ್ಟೋ ಕಲುಷಿತವಾಗಿದೆ, ಇಡೀ ಫಲಿತಾಂಶವನ್ನೇ ನಂಬುವಂತಿಲ್ಲ. ‘ಹಾಗಾದರೆ ಏನು ಮಾಡಿದಿರಿ?’ ಎಂದು ಮುಂದಿನ ಪ್ರಶ್ನೆ. ಹೊಸ ನೀರು, ಹೊಸ ಪ್ರೈಮರ್, ಫಿಲ್ಟರ್ ಟಿಪ್, ಬೇರೆ ಮೇಜು, ಮತ್ತೆ ಪ್ರಯೋಗ. ಇದನ್ನು ಮಾಡಿದವರು ಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ಎದುರಿಗಿದ್ದವರಿಗೆ ತಿಳಿಯುತ್ತದೆ. ಮಾಡದವರು ನಿರರ್ಗಳವಾಗಿ ಹೇಳಿದರೂ ತಿಳಿಯುತ್ತದೆ.

ಅಷ್ಟಕ್ಕೇ ಬಿಡುವುದಿಲ್ಲ. ‘ಜೀನ್ ಇದೆ ಎಂದ ಮಾತ್ರಕ್ಕೆ ವಿಷ ತಯಾರಾಗುತ್ತದೆ ಅನ್ನಬಹುದೇ?’ ಅನ್ನಲಾಗದು. ಸೋಯಾ ಸಾಸ್ ಮಾಡಲು ಬಳಸುವ ಆಸ್ಪರ್ಜಿಲಸ್ ಒರೈಜೆಯ ಎಷ್ಟೋ ತಳಿಗಳಲ್ಲಿ ಇದೇ ಜೀನ್ ಇದ್ದೂ ವಿಷ ಇರುವುದಿಲ್ಲ. ಜೀನ್ ಚಾಲೂ ಇದೆಯೇ ಎಂದು ಆರ್‌ಎನ್‌ಎ ನೋಡಬೇಕು, ವಿಷವನ್ನೇ ಎಲೈಸಾ ಅಥವಾ ಎಚ್‌ಪಿಎಲ್‌ಸಿಯಲ್ಲಿ ಅಳೆಯಬೇಕು. ‘ಅದನ್ನು ನಾನು ಅಳೆದಿಲ್ಲ, ಅಳೆಯಬೇಕಿತ್ತು’ ಎಂದರೆ ಅಂಕ ಹೋಗುವುದಿಲ್ಲ, ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಅಲ್ಲಿಂದ ಮುಂದೆ ಗಟ್ಟಿಯಾಗಿ ಯೋಚಿಸುವವರನ್ನೇ ಅವರು ಹುಡುಕುತ್ತಿರುವುದು.

ಇಂಥ ಅನುಭವ ಎಲ್ಲಿ ಸಿಗುತ್ತದೆ? ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ: ಎರಡು ತಿಂಗಳು, ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ, ಖರ್ಚಿಗೆ ಹಣವೂ ಸೇರಿ. ಅರ್ಜಿ ಹಿಂದಿನ ವರ್ಷದ ಅಕ್ಟೋಬರ್–ನವೆಂಬರಿನಲ್ಲಿ. ಕಾಲೇಜು ಅಧ್ಯಾಪಕರಿಗೂ ಇದೇ ಯೋಜನೆಯಲ್ಲಿ ಜಾಗ ಇದೆ. ನಮ್ಮ ತಾಲ್ಲೂಕು ಕಾಲೇಜುಗಳ ಮೇಷ್ಟರುಗಳು ಒಂದು ಬೇಸಿಗೆ ಹೋಗಿಬಂದರೆ ವಿದ್ಯಾರ್ಥಿಗಳ ಹತ್ತು ಬ್ಯಾಚಿಗೆ ಉಪಕಾರವಾದೀತು. ಜೆಎನ್‌ಸಿಎಎಸ್‌ಆರ್‌ಗೂ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಶಿರಾ, ಪಾವಗಡದವರಿಗೆ ಹತ್ತಿರವಾಗುವ ಚಳ್ಳಕೆರೆಯ ಕುದಾಪುರದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಎರಡನೆಯ ಆವರಣ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾ ಬಂದಿದೆ.

ಎಂ.ಎಸ್ಸಿ. ಮುಗಿದ ಮೇಲೂ ಒಂದು ದಾರಿ ಉಳಿದಿದೆ. ಪ್ರಾಜೆಕ್ಟ್ ಅಸಿಸ್ಟೆಂಟ್, ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗಳಿಗೆ ಸಂಸ್ಥೆಗಳ ತಾಣದಲ್ಲಿ ಆಗಾಗ ಪ್ರಕಟಣೆ ಬರುತ್ತಿರುತ್ತದೆ. ಒಂದು ವರ್ಷ ಅಲ್ಲಿ ದುಡಿದವರು ಪಿಪೆಟ್ ಹಿಡಿಯುವುದನ್ನು ಮಾತ್ರವಲ್ಲ, ವಾರದ ಲ್ಯಾಬ್ ಮೀಟಿಂಗಿನಲ್ಲಿ ಜಗಳವಾಡುವುದನ್ನೂ ಕಲಿತು ಬರುತ್ತಾರೆ. ಮೊದಲ ಸಲ ಆಯ್ಕೆಯಾಗದವರಿಗೆ ಕೋಚಿಂಗಿಗೆ ಇನ್ನೊಂದು ವರ್ಷ ಸುರಿಯುವುದಕ್ಕಿಂತ ಇದು ಎಷ್ಟೋ ಲೇಸು.

ಬರೆಯಬೇಕಾದ ಒಂದು ಪುಟ

ಅರ್ಜಿಯ ಜೊತೆ ಉದ್ದೇಶ ಪತ್ರ ಕೇಳುತ್ತಾರೆ, ಸ್ಟೇಟ್‌ಮೆಂಟ್ ಆಫ್ ಪರ್ಪಸ್. ನನ್ನ ಕೈಗೆ ಬರುವ ಕರಡುಗಳಲ್ಲಿ ಹತ್ತಕ್ಕೆ ಒಂಬತ್ತು ಹೀಗೆ ಶುರುವಾಗುತ್ತವೆ: ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ. ಜೀವಕೋಶದ ಅದ್ಭುತ ಜಗತ್ತು ನನ್ನನ್ನು ಸದಾ ಸೆಳೆದಿದೆ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಭಾಗ್ಯ ದೊರೆತರೆ...’ ಇದನ್ನು ಯಾರು ಬೇಕಾದರೂ ಬರೆಯಬಹುದು, ಅದೇ ಇದರ ತೊಂದರೆ. ಅದರ ಬದಲು, ಉದಾಹರಣೆಗೆ ನಾನೇ ಕಟ್ಟಿದ್ದು: ‘ಮಾರುಕಟ್ಟೆಯಿಂದ ತಂದ 12 ಕಡಲೆಕಾಯಿ ಮಾದರಿಗಳಲ್ಲಿ 9ರಿಂದ ಬೂಷ್ಟು ಬೆಳೆಸಿದೆ. ಒಂಬತ್ತರಲ್ಲೂ ಜೀನ್ ಸಿಕ್ಕಿತು, ಆದರೆ ವಿಷ ಸಿಕ್ಕಿದ್ದು 4ರಲ್ಲಿ ಮಾತ್ರ. ಉಳಿದ ಐದರಲ್ಲಿ ಜೀನ್ ಕೆಟ್ಟಿದೆಯೋ ಅಥವಾ ಮೌನವಾಗಿದೆಯೋ ಎಂದು ತಿಳಿಯುವ ಸೌಲಭ್ಯ ನಮ್ಮಲ್ಲಿರಲಿಲ್ಲ. ಜೀನ್ ಮೌನವಾಗುವ ಬಗೆಯನ್ನು ಕಲಿಯಬೇಕೆಂದೇ ಕ್ರೊಮ್ಯಾಟಿನ್ ಲ್ಯಾಬುಗಳಿಗೆ ಅರ್ಜಿ ಹಾಕುತ್ತಿದ್ದೇನೆ.’ ನಾಲ್ಕು ವಾಕ್ಯ. ಏನು ಮಾಡಿದೆ, ಎಲ್ಲಿ ಸಿಕ್ಕಿಬಿದ್ದೆ, ಮುಂದೇನು ಬೇಕು ಎಂಬುದೆಲ್ಲ ಬಂತು. ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ತಲೆಯಲ್ಲಿ ತಿಳಿಯಾದ ಮೇಲೆ ಇಂಗ್ಲಿಷಿಗೆ ತರುವುದು ಒಂದು ಸಂಜೆಯ ಕೆಲಸ. ಎಐ ತಂತ್ರಾಂಶದಿಂದ ವ್ಯಾಕರಣ ತಿದ್ದಿಸಿಕೊಂಡರೆ ಅಡ್ಡಿಯಿಲ್ಲ. ಪೂರಾ ಬರೆಸಿದರೆ ಅದು ಮತ್ತೆ ಆ ಮೊದಲ ಕರಡನ್ನೇ ಚೆಂದದ ಇಂಗ್ಲಿಷಿನಲ್ಲಿ ಕೊಡುತ್ತದೆ.

ಪ್ರಾಧ್ಯಾಪಕರಿಗೆ ಮಿಂಚಂಚೆ ಬರೆಯುವಾಗಲೂ ಇದೇ ಸೂತ್ರ. ‘ರೆಸ್ಪೆಕ್ಟೆಡ್ ಸರ್/ಮೇಡಂ’ ಎಂದು ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಐವತ್ತೂ ಕಸದ ಬುಟ್ಟಿಗೆ. ಅವರ ಒಂದು ಪ್ರಬಂಧ ಓದಿ, ಅದರ ಯಾವ ಚಿತ್ರ ಅರ್ಥವಾಗಲಿಲ್ಲ, ಯಾಕೆ ಅರ್ಥವಾಗಲಿಲ್ಲ ಎಂದು ಎರಡು ಸಾಲು ಬರೆದು ನೋಡಿ.

ಶಿಫಾರಸು ಪತ್ರ ಕೊಡುವವರಿಗೆ ಕನಿಷ್ಠ ಒಂದು ತಿಂಗಳು ಸಮಯ ಕೊಡಿ; ನಿಮ್ಮ ಅಂಕಪಟ್ಟಿ, ಪ್ರಾಜೆಕ್ಟಿನ ಸಾರಾಂಶ, ಕೊನೆಯ ದಿನಾಂಕ ಒಂದೇ ಹಾಳೆಯಲ್ಲಿ ಬರೆದು ಕೊಡಿ. ಪ್ರಾಂಶುಪಾಲರ ಪತ್ರಕ್ಕಿಂತ ನಿಮ್ಮ ಪ್ರಯೋಗ ಕಣ್ಣಾರೆ ಕಂಡ ಕಿರಿಯ ಅಧ್ಯಾಪಕರ ಪತ್ರಕ್ಕೇ ಬೆಲೆ. ಇನ್ನು, ಅರ್ಜಿಗೆ ತೂಕ ಬರಲೆಂದು ಮೂರು ಸಾವಿರವೋ ಐದು ಸಾವಿರವೋ ಕಟ್ಟಿ ವಾರದೊಳಗೆ ಪ್ರಕಟಿಸುವ ಜರ್ನಲ್ಲುಗಳಲ್ಲಿ ಲೇಖನ ಹಾಕಿಸಬೇಡಿ. ಆಯ್ಕೆ ಸಮಿತಿಯವರಿಗೆ ಆ ಜರ್ನಲ್ಲುಗಳ ಹೆಸರು ಚೆನ್ನಾಗಿ ಗೊತ್ತು.

ನಾಡಕಚೇರಿಯ ಕೆಲಸ

ವಿಜ್ಞಾನಕ್ಕಿಂತ ಕಾಗದಪತ್ರದಲ್ಲೇ ಎಡವಿದವರ ಕಥೆ ನಮ್ಮ ಕಡೆ ಬೇಕಾದಷ್ಟಿದೆ. ನಮ್ಮಲ್ಲಿ ಪ್ರವರ್ಗ 1, 2ಎ, 3ಎ, 3ಬಿ ಎಂಬುದೆಲ್ಲ ರಾಜ್ಯದ ಲೆಕ್ಕ. ನೆಟ್, ಜಾಮ್, ಗೇಟ್, ಕೇಂದ್ರ ಸಂಸ್ಥೆಗಳು ಕೇಳುವುದು ಕೇಂದ್ರದ ಒಬಿಸಿ ನಮೂನೆಯ ಪ್ರಮಾಣಪತ್ರ, ಕೆನೆಪದರದಲ್ಲಿಲ್ಲ ಎಂಬ ದೃಢೀಕರಣದೊಂದಿಗೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೆಚ್ಚಿರುವ ಕುಂಚಿಟಿಗರು ತಮ್ಮನ್ನು ಕೇಂದ್ರದ ಪಟ್ಟಿಗೆ ಸೇರಿಸಿ ಎಂದು ವರ್ಷಗಟ್ಟಲೆ ಕೇಳುತ್ತಾ ಬಂದದ್ದು ಇದೇ ಕಾರಣಕ್ಕೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇಲ್ಲದಿದ್ದರೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಇಡಬ್ಲ್ಯುಎಸ್ ಪ್ರಮಾಣಪತ್ರ ಸಿಗುತ್ತದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಈ ಪತ್ರಗಳು ಆರ್ಥಿಕ ವರ್ಷಕ್ಕೆ ತಕ್ಕಂತೆ ಹೊಸದಾಗಿರಬೇಕು. ಏಪ್ರಿಲ್ ಆದ ಮೇಲೆ ಒಮ್ಮೆ ಮಾಡಿಸಿಟ್ಟುಬಿಟ್ಟರೆ ಅರ್ಜಿ ಕಾಲದಲ್ಲಿ ಸರ್ವರ್ ಡೌನ್ ಅನ್ನುವ ಮಾತು ಕೇಳಬೇಕಾಗಿಲ್ಲ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವವರು ಈಗಲೇ ಸರಿಮಾಡಿಸಿಕೊಳ್ಳಿ. ವಿಳಾಸದಲ್ಲಿ ಕೊಡಿಗೇನಹಳ್ಳಿಯ ಜೊತೆ ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ ಎಂದು ಪಿನ್‌ಕೋಡ್ ಸಮೇತ ಬರೆಯಿರಿ. ಜಿಕೆವಿಕೆಯ ಹತ್ತಿರವೇ ಬೆಂಗಳೂರಿನ ಕೊಡಿಗೆಹಳ್ಳಿ ಒಂದಿದೆ, ಪತ್ರ ಅಲ್ಲಿಗೆ ಹೋಗಿ ಕೂತರೆ ನಗುವುದಕ್ಕೂ ಆಗದು.

ಹೊರದೇಶ

ವಿದೇಶದ ಅರ್ಜಿ ಶ್ರೀಮಂತರ ಮಕ್ಕಳಿಗೆ ಎಂಬುದು ಎಂಬಿಎ, ಎಂಎಸ್‌ಗಳ ಮಟ್ಟಿಗೆ ನಿಜವಿದ್ದೀತು, ಜೀವವಿಜ್ಞಾನದ ಪಿಎಚ್.ಡಿ.ಗೆ ಅಲ್ಲ. ಅಮೆರಿಕದ ಒಳ್ಳೆಯ ವಿಭಾಗಗಳು ಬೋಧನಾ ಶುಲ್ಕ ಮನ್ನಾ ಮಾಡಿ ಜೀವನಕ್ಕೆ ಸ್ಟೈಪೆಂಡ್ ಕೊಡುತ್ತವೆ. ಕೊನೆಯ ದಿನಾಂಕ ಡಿಸೆಂಬರ್ ಮೊದಲ ವಾರದ ಆಸುಪಾಸು. ಜಿಆರ್‌ಇಯನ್ನು ಬಹುತೇಕ ಜೀವವಿಜ್ಞಾನ ವಿಭಾಗಗಳು ಕೈಬಿಟ್ಟಿವೆ. ಮೂರು ಶಿಫಾರಸು ಪತ್ರ ಬೇಕು. ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಸುತ್ತಿ ನೋಡಿ ಆಮೇಲೆ ಗೈಡ್ ಆರಿಸಿಕೊಳ್ಳಲು ಬಿಡುತ್ತಾರೆ; ನಮ್ಮಲ್ಲಿ ಕಡಿಮೆ ಕಾಣುವ ಈ ಪದ್ಧತಿ ನನಗೆ ಬಹಳ ಇಷ್ಟ. ಹೊರೆಯಾಗುವುದು ಅರ್ಜಿ ಶುಲ್ಕ ಮತ್ತು ಇಂಗ್ಲಿಷ್ ಪರೀಕ್ಷೆ, ಅದೊಂದಕ್ಕೇ 15 ಸಾವಿರಕ್ಕೂ ಮೇಲೆ. ಅರ್ಜಿ ಶುಲ್ಕ ಮನ್ನಾ ಮಾಡಿ ಎಂದು ಪತ್ರ ಬರೆದು ಕೇಳಿ. ಕೇಳಿದವರಿಗೆ ಎಷ್ಟೋ ಕಡೆ ಕೊಡುತ್ತಾರೆ.

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಶಾಲೆಗಳಲ್ಲಿ, ಹೈಡೆಲ್‌ಬರ್ಗ್‌ನ ಯುರೋಪಿಯನ್ ಮಾಲಿಕ್ಯುಲರ್ ಬಯಾಲಜಿ ಲ್ಯಾಬೊರೇಟರಿಯಲ್ಲಿ ಓದು ಇಂಗ್ಲಿಷಿನಲ್ಲೇ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಎರಡು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಪದವಿ ಶಾಲೆಯಲ್ಲಿ ಮಾಲಿಕ್ಯುಲರ್ ಲೈಫ್ ಸೈನ್ಸಸ್ ಎಂಬ ಹೆಸರಿನ ಕಾರ್ಯಕ್ರಮವೇ ಇದೆ. ಯುರೋಪಿನಲ್ಲಿ ಸಾಮಾನ್ಯವಾಗಿ ಎಂ.ಎಸ್ಸಿ. ಕಡ್ಡಾಯ, ಅವಧಿ ಮೂರರಿಂದ ನಾಲ್ಕು ವರ್ಷ. ಪರಿಶಿಷ್ಟ ಜಾತಿಯ, ಅಲೆಮಾರಿ ಸಮುದಾಯಗಳ, ಭೂರಹಿತ ಕೃಷಿಕೂಲಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಉಂಟು. ಪಾಸ್‌ಪೋರ್ಟ್ ಈಗಲೇ ಮಾಡಿಸಿಡಿ.

ಗೈಡ್ ಯಾರು?

ಸೀಟು ಸಿಕ್ಕ ಸಂತೋಷದಲ್ಲಿ ಮರೆಯುವ ಪ್ರಶ್ನೆ ಇದು, ಐದಾರು ವರ್ಷ ಕಾಡುವ ಪ್ರಶ್ನೆಯೂ ಇದೇ. ದೊಡ್ಡ ಹೆಸರಿಗಿಂತ ಆ ಲ್ಯಾಬಿನ ಮೂರನೆಯ ನಾಲ್ಕನೆಯ ವರ್ಷದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನೇ ಕ್ಯಾಂಟೀನಿಗೆ ಕರೆದು ಮಾತಾಡಿಸಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು? ನಡುವೆ ಬಿಟ್ಟು ಹೋದವರು ಎಷ್ಟು ಜನ, ಯಾಕೆ? ಈಗ ಎಲ್ಲಿದ್ದಾರೆ? ಪ್ರಯೋಗ ಕೆಟ್ಟಾಗ ಗೈಡ್ ಹೇಗೆ ನಡೆದುಕೊಳ್ಳುತ್ತಾರೆ? ಕೊನೆಯ ಪ್ರಶ್ನೆಗೆ ಬಾಯಿ ಉತ್ತರಕ್ಕಿಂತ ಮುಖ ನೋಡಿ. ಹೆಣ್ಣುಮಕ್ಕಳು ಮದುವೆ, ಮಗು ಎಂಬ ಮಾತು ಬಂದಾಗ ಅಳುಕಬೇಕಿಲ್ಲ: ಯುಜಿಸಿ ನಿಯಮದಲ್ಲಿ ಪಿಎಚ್.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆ ರಜೆ ಇದೆ. ಮುಗಿಸಿದವರೆಲ್ಲ ಪ್ರೊಫೆಸರ್ ಆಗುವುದಿಲ್ಲ, ಹುದ್ದೆ ಅಷ್ಟಿಲ್ಲ. ಬಯೋಕಾನ್, ಸಿಂಜೀನ್‌ನಂಥ ಕಂಪನಿಗಳು, ಔಷಧ ನಿಯಂತ್ರಣ, ಪೇಟೆಂಟ್ ಕೆಲಸ ಇವೂ ದಾರಿಗಳೇ. ಇದನ್ನು ಮನೆಯವರಿಗೂ ಮೊದಲೇ ಹೇಳಿಡುವುದು ಒಳ್ಳೆಯದು.

ಸೇರಿದ ಮೇಲೆ ಫೆಲೋಶಿಪ್ಪಿನ ಮೊದಲ ಕಂತು ಮೊದಲ ತಿಂಗಳಿಗೇ ಬರುತ್ತದೆಂದು ನಂಬಿ ಕೂರಬೇಡಿ. ಸೇರ್ಪಡೆ ವರದಿ, ಬ್ಯಾಂಕ್ ಖಾತೆ, ಸಂಸ್ಥೆಯ ಮೊಹರು ಎಲ್ಲ ಮುಗಿದು ಹಣ ಕೈಗೆ ಬರಲು ಮೂರು ನಾಲ್ಕು ತಿಂಗಳು ಹಿಡಿದದ್ದುಂಟು. ಬಂದಾಗ ಬಾಕಿ ಸಮೇತ ಬರುತ್ತದೆ. ಅಲ್ಲಿಯವರೆಗಿನ ಮೆಸ್ ಬಿಲ್ಲು, ಬಾಡಿಗೆ ಅಡ್ವಾನ್ಸಿಗೆ ಈ ಸಲದ ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಡಿ ಎಂದು ಮನೆಯಲ್ಲಿ ಈಗಲೇ ಹೇಳಿ.